ಸೀಸದ ನ್ಯೂಕ್ಲಿಯಸ್ಸಿನ ಒರೆಗಲ್ಲಿನ ಮೇಲೆ: ಸೈಪೈನ ‘ಡಿಫರೆನ್ಷಿಯಲ್ ಎವಲ್ಯೂಷನ್’

ಪೈಥಾನ್ ಭಾಷೆಯಲ್ಲಿ ಗಣಿತದ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ಸೈಪೈ ಎಂಬ ಉಚಿತ ತಂತ್ರಾಂಶ ಸಂಗ್ರಹದೊಳಗೆ ‘ಡಿಫರೆನ್ಷಿಯಲ್ ಎವಲ್ಯೂಷನ್’ ಎಂಬ, ಒಂದು ಲೆಕ್ಕದ ಬೆಲೆ ಎಲ್ಲಿ ಅತಿ ಕಡಿಮೆಯಾಗುತ್ತದೆಂದು ಹುಡುಕುವ ಸಾಧನವಿದೆ. ಇದರ ಹಿಂದಿರುವ ವಿಧಾನವನ್ನು ರೈನರ್ ಸ್ಟಾರ್ನ್ ಮತ್ತು ಕೆನೆತ್ ಪ್ರೈಸ್ 1995ರಲ್ಲಿ ತಾಂತ್ರಿಕ ವರದಿಯಾಗಿ, 1997ರಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟಿಸಿದರು. ಸೈಪೈಗೆ ಅದು ಸೇರಿದ್ದು 2015ರಲ್ಲಿ ಬಂದ 0.15 ಆವೃತ್ತಿಯಲ್ಲಿ. ಎಂ.ಎಸ್ಸಿ. ವಿದ್ಯಾರ್ಥಿಗಳ ನ್ಯೂಕ್ಲಿಯರ್ ಭೌತವಿಜ್ಞಾನದ ಪ್ರಾಜೆಕ್ಟ್‌ಗಳಿಗೆ ಮಾರ್ಗದರ್ಶನ ಮಾಡುವಾಗ ನಾನು ಈ ಸಾಧನವನ್ನು ಮತ್ತೆ ಮತ್ತೆ ಬಳಸಿದ್ದೇನೆ. ಅದು ಯಾವ ಕೆಲಸಕ್ಕೆ ಒದಗುತ್ತದೆ, ಎಲ್ಲಿ ಅದರ ಮಾತನ್ನು ಅಷ್ಟಕ್ಕೇ ಒಪ್ಪಬಾರದು ಎಂಬುದನ್ನು, ಇದೇ ದಾರಿಯಲ್ಲಿ ಹೊರಟಿರುವ ಕನ್ನಡದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಸಬೇಕೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

ನ್ಯೂಕ್ಲಿಯಸ್ಸಿನೊಳಗಿನ ಬಲವನ್ನು ಮೂಲ ತತ್ವಗಳಿಂದ ಲೆಕ್ಕ ಹಾಕುವುದು ಭಾರವಾದ ನ್ಯೂಕ್ಲಿಯಸ್‌ಗಳ ಮಟ್ಟಿಗೆ ಇಂದಿಗೂ ಬಹಳ ಕಷ್ಟದ ಕೆಲಸವಾದ್ದರಿಂದ, ನಾವು ಕೆಲವು ಪ್ರಾಚಲಗಳು, ಅಂದರೆ ಬದಲಿಸಬಹುದಾದ ಸಂಖ್ಯೆಗಳು, ಇರುವ ಒಂದು ಮಾದರಿಯನ್ನು ಕಟ್ಟಿಕೊಂಡು, ಆ ಪ್ರಾಚಲಗಳನ್ನು ಪ್ರಯೋಗದ ಅಂಕಿಗಳಿಗೆ ಹೊಂದಿಸುತ್ತೇವೆ. ಮಾದರಿಗೂ ಅಳತೆಗೂ ಇರುವ ಅಂತರವನ್ನು ಕೈ-ಸ್ಕ್ವೇರ್ ಎಂಬ ಒಂದೇ ಸಂಖ್ಯೆಯಾಗಿ ಬರೆದು, ಆ ಸಂಖ್ಯೆ ಎಲ್ಲಿ ಅತಿ ಕಡಿಮೆಯಾಗುತ್ತದೆಂದು ಹುಡುಕುವುದೇ ಹೊಂದಿಸುವಿಕೆ. ಇಳಿಜಾರು ಹಿಡಿದು ಕೆಳಗಿಳಿಯುವ ವಿಧಾನಗಳು ನಾವು ನಿಲ್ಲಿಸಿದ ಜಾಗಕ್ಕೆ ಹತ್ತಿರದ ಹಳ್ಳವನ್ನು ಬೇಗ ಮುಟ್ಟುತ್ತವೆ. ಆದರೆ ಪಕ್ಕದ ಗುಡ್ಡದಾಚೆ ಇನ್ನೂ ಆಳವಾದ ಕಣಿವೆಯಿದ್ದರೆ ಅದು ಅವುಗಳಿಗೆ ಕಾಣುವುದಿಲ್ಲ. ನಮ್ಮ ಮಾದರಿಗಳಲ್ಲಿ ಇಂಥ ಹಳ್ಳಗಳು ಒಂದೆರಡಲ್ಲ.

ವಿಕಾಸಾತ್ಮಕ ಅಲ್ಗಾರಿದಮ್‌ಗಳು ಒಬ್ಬನನ್ನು ಕಳಿಸುವ ಬದಲು ಒಂದು ಗುಂಪನ್ನೇ ಹುಡುಕಲು ಕಳಿಸುತ್ತವೆ. ಗುಂಪಿನ ಪ್ರತಿ ಸದಸ್ಯನೂ ಪ್ರಾಚಲಗಳ ಒಂದು ಪೂರ್ಣ ಜೋಡಣೆ. ಸೈಪೈನ ಮೂಲ ಹೊಂದಾಣಿಕೆಯಲ್ಲಿ, ಗುಂಪಿನಲ್ಲಿ ಅತ್ಯುತ್ತಮನಾದವನನ್ನು ತೆಗೆದುಕೊಂಡು, ಯಾದೃಚ್ಛಿಕವಾಗಿ ಆರಿಸಿದ ಬೇರೆ ಇಬ್ಬರ ನಡುವಿನ ವ್ಯತ್ಯಾಸವನ್ನು 0.5ರಿಂದ 1ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ಅವನಿಗೆ ಕೂಡಿಸಲಾಗುತ್ತದೆ. ಹಾಗೆ ಹುಟ್ಟಿದ ಹೊಸ ಜೋಡಣೆಯನ್ನು ಹಳೆಯ ಸದಸ್ಯನೊಡನೆ 0.7ರ ಸಂಭವನೀಯತೆಯಲ್ಲಿ ಬೆರೆಸಿ, ಫಲ ಉತ್ತಮವಾಗಿದ್ದರೆ ಮಾತ್ರ ಹಳೆಯವನ ಜಾಗವನ್ನು ಅದಕ್ಕೆ ಕೊಡಲಾಗುತ್ತದೆ. ಗುಂಪು ಹರಡಿಕೊಂಡಿರುವಾಗ ವ್ಯತ್ಯಾಸಗಳು ದೊಡ್ಡವು, ಆದ್ದರಿಂದ ಹೆಜ್ಜೆಗಳೂ ದೊಡ್ಡವು. ಗುಂಪು ಒಂದೆಡೆ ಸೇರುತ್ತ ಬಂದಂತೆ ಹೆಜ್ಜೆಗಳು ತಾವಾಗಿ ಸಣ್ಣವಾಗುತ್ತವೆ. ಎಷ್ಟು ದೂರ ಜಿಗಿಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಗುಂಪಿನ ಹರಹೇ ಅದನ್ನು ಹೇಳುತ್ತದೆ. ಈ ವಿಧಾನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡಿರುವುದು ಇದೇ.

ಹೊಸ ಸಾಧನವನ್ನು ಮೊದಲು ಉತ್ತರ ಗೊತ್ತಿರುವ ಲೆಕ್ಕದ ಮೇಲೆ ಉಜ್ಜಿ ನೋಡಬೇಕು. ಅದಕ್ಕೆ ನಾನು ಬಳಸುವುದು 1935ರ ಬೆಥೆ–ವೈಟ್ಸೆಕರ್ ಬಂಧನಶಕ್ತಿಯ ಸೂತ್ರ. ಘನಗಾತ್ರದ ಪದಕ್ಕೆ ಸುಮಾರು 15.8, ಮೇಲ್ಮೈಗೆ ಸುಮಾರು 18.3, ಕೂಲಂಬ್ ವಿಕರ್ಷಣೆಗೆ ಸುಮಾರು 0.71, ಅಸಮಮಿತಿಗೆ ಸುಮಾರು 23 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಂಇವಿ, ಜೊತೆಗೆ ಜೋಡಿಕೆಯ ಒಂದು ಪದ. ಈ ಐದೂ ಗುಣಾಂಕಗಳು ಸೂತ್ರದಲ್ಲಿ ಸರಳರೇಖೀಯವಾಗಿ ಬರುವುದರಿಂದ ಸಾಧಾರಣ ಕನಿಷ್ಠ ವರ್ಗ ವಿಧಾನವೇ ಕ್ಷಣದಲ್ಲಿ ನಿಖರ ಉತ್ತರ ಕೊಡುತ್ತದೆ. ಇಲ್ಲಿ ವಿಕಾಸಾತ್ಮಕ ವಿಧಾನದ ಅಗತ್ಯವೇ ಇಲ್ಲ. ಅಗತ್ಯವಿಲ್ಲವೆಂದೇ ಇದು ಒಳ್ಳೆಯ ಒರೆಗಲ್ಲು: ಎರಡೂ ಉತ್ತರಗಳು ತಾಳೆಯಾಗದಿದ್ದರೆ ತಪ್ಪು ನಮ್ಮ ಕೋಡಿನಲ್ಲಿದೆ ಎಂದು ನಿಸ್ಸಂದೇಹವಾಗಿ ತಿಳಿಯುತ್ತದೆ. ಇದೇ ಸೂತ್ರವನ್ನು ಹೊಂದಿಸಲು ‘ವಿಕಾಸಾತ್ಮಕ ಬುದ್ಧಿಮತ್ತೆ’ ಬಳಸಿದ್ದೇವೆ ಎಂದು ಪ್ರಾಜೆಕ್ಟ್ ವರದಿಗಳಲ್ಲಿ ಹೆಮ್ಮೆಯಿಂದ ಬರೆಯುವುದನ್ನು ಕಂಡಾಗ, ಆ ವಿದ್ಯಾರ್ಥಿಗೆ ಯಾರಾದರೂ ಈ ಮಾತನ್ನು ಮೊದಲೇ ಹೇಳಬೇಕಿತ್ತು ಎಂದು ನನಗೆ ಮರುಕವಾಗುತ್ತದೆ.

ನಿಜವಾದ ಪರೀಕ್ಷೆ ನಡೆದದ್ದು ಸೀಸದ ಮೇಲೆ. ಸೀಸ-208ರಲ್ಲಿ 82 ಪ್ರೋಟಾನ್‌ಗಳೂ 126 ನ್ಯೂಟ್ರಾನ್‌ಗಳೂ ಇದ್ದು, ಎರಡೂ ಮಾಯಾಸಂಖ್ಯೆಗಳೇ, ಅಂದರೆ ಕವಚಗಳು ಪೂರ್ತಿ ತುಂಬುವ ಸಂಖ್ಯೆಗಳು. ಆದ್ದರಿಂದ ಅದರಿಂದ ಒಂದು ನ್ಯೂಟ್ರಾನ್ ಕಳೆದ ಸೀಸ-207 ಮತ್ತು ಒಂದು ನ್ಯೂಟ್ರಾನ್ ಕೂಡಿದ ಸೀಸ-209ರ ಶಕ್ತಿಮಟ್ಟಗಳನ್ನು, ಸ್ಥೂಲವಾಗಿ, ಒಂದೇ ನ್ಯೂಟ್ರಾನಿನ ಮಟ್ಟಗಳೆಂದು ಓದಬಹುದು. ಸೀಸ-208ರಿಂದ ನ್ಯೂಟ್ರಾನ್ ಕೀಳಲು 7.37 ಎಂಇವಿ ಬೇಕು, ಸೀಸ-209ರಿಂದ ಕೀಳಲು 3.94 ಎಂಇವಿ ಸಾಕು. ಈ ಎರಡರ ನಡುವಿನ ಅಂತರವೇ 126ರ ಮಾಯೆ. ಅಂತರದ ಕೆಳಗೆ ಆರು, ಮೇಲೆ ಏಳು, ಒಟ್ಟು 13 ಮಟ್ಟಗಳು ನಮಗೆ ಸಿಗುತ್ತವೆ. ಇವುಗಳಿಗೆ ಹೊಂದಿಸಬೇಕಾದದ್ದು 1954ರಲ್ಲಿ ರೋಜರ್ ವುಡ್ಸ್ ಮತ್ತು ಡೇವಿಡ್ ಸ್ಯಾಕ್ಸನ್ ಕೊಟ್ಟ ಆಕಾರದ ಒಂದು ಬಾವಿ, ಅಂದರೆ ನ್ಯೂಟ್ರಾನನ್ನು ನ್ಯೂಕ್ಲಿಯಸ್ಸಿನೊಳಗೆ ಹಿಡಿದಿಡುವ ವಿಭವ: ಅದರ ಆಳ, ತ್ರಿಜ್ಯದ ಅಂಶ, ಅಂಚಿನ ಮಸುಕು, ನ್ಯೂಟ್ರಾನಿನ ಸ್ಪಿನ್ನನ್ನು ಅದರ ಕಕ್ಷೆಯ ಚಲನೆಗೆ ಬೆಸೆಯುವ ಸ್ಪಿನ್-ಆರ್ಬಿಟ್ ಭಾಗಕ್ಕೆ ಇವೇ ಮೂರು ಬೇರೆಯಾಗಿ, ಹೀಗೆ ಆರು ಪ್ರಾಚಲಗಳು.

ಸಾಧನದಲ್ಲಿ ‘ಪಾಪ್‌ಸೈಜ್’ ಎಂದು ಕರೆಯುವ 15 ಎಂಬ ಸಂಖ್ಯೆ ಗುಂಪಿನ ಗಾತ್ರವಲ್ಲ, ಪ್ರತಿ ಪ್ರಾಚಲಕ್ಕೆ ಹದಿನೈದು ಸದಸ್ಯರೆಂದು ಅರ್ಥ. ಹೆಸರು ನೋಡಿದವರು ಸಾಮಾನ್ಯವಾಗಿ ಇಲ್ಲಿ ಎಡವುತ್ತಾರೆ. ನಮ್ಮ ಆರು ಪ್ರಾಚಲಗಳಿಗೆ ಗುಂಪಿನಲ್ಲಿ 90 ಸದಸ್ಯರಾಗುತ್ತಾರೆ, ಮತ್ತು ಗರಿಷ್ಠ ತಲೆಮಾರುಗಳ ಮಿತಿಯಾದ 1000ವನ್ನು ಮುಟ್ಟಿದರೆ 90,090 ಬಾರಿ ಕೈ-ಸ್ಕ್ವೇರ್ ಲೆಕ್ಕ ಹಾಕಬೇಕಾಗುತ್ತದೆ. ಪ್ರತಿ ಬಾರಿಯೂ 13 ಮಟ್ಟಗಳಿಗೆ ಶ್ರೋಡಿಂಗರ್ ಸಮೀಕರಣವನ್ನು ಬಿಡಿಸಬೇಕಾದ್ದರಿಂದ ಅಂಥ ಬಿಡಿಸುವಿಕೆಗಳ ಸಂಖ್ಯೆ ಹನ್ನೊಂದು ಲಕ್ಷ ಎಪ್ಪತ್ತು ಸಾವಿರ ದಾಟುತ್ತದೆ. ಒಂದು ಆಯಾಮದ ಈ ಸಮೀಕರಣ ಹಗುರವಾದ್ದರಿಂದ ಸಾಮಾನ್ಯ ಲ್ಯಾಪ್‌ಟಾಪ್ ಕೂಡ ಇಷ್ಟನ್ನು ತಾಳಿಕೊಳ್ಳುತ್ತದೆ, ಆದರೆ ಈ ಗುಣಾಕಾರವನ್ನು ಮೊದಲೇ ಕಾಗದದ ಮೇಲೆ ಮಾಡಿಕೊಳ್ಳದೆ ಓಡಿಸಲು ಕೂರಬಾರದು.

ಮೊದಲ ಓಟದಲ್ಲಿಯೇ ನನಗೆ ದೊಡ್ಡ ಪಾಠವಾಯಿತು. ಕೆಲವು ಪ್ರಾಚಲ ಜೋಡಣೆಗಳಲ್ಲಿ ಬಾವಿ ಆಳ ಸಾಲದೆ ಮೇಲಿನ ಮಟ್ಟಗಳು ಬಂಧಿತವಾಗುವುದೇ ಇಲ್ಲ. ಅಂಥ ಮಟ್ಟಗಳನ್ನು ಕೈಬಿಟ್ಟು ಉಳಿದವುಗಳ ಅಂತರವನ್ನಷ್ಟೇ ಕೂಡಿಸುವಂತೆ ನಾನು ಕೋಡ್ ಬರೆದಿದ್ದೆ. ಸಾಧನ ಬಹಳ ಚಿಕ್ಕ ಕೈ-ಸ್ಕ್ವೇರ್ ಕೊಟ್ಟಿತು, ನಾನು ಸಂತೋಷಪಟ್ಟೆ, ಆಮೇಲೆ ಮಟ್ಟಗಳ ಪಟ್ಟಿಯನ್ನು ಮುದ್ರಿಸಿ ನೋಡಿದರೆ ಹೊಂದಿಸಲು ಕಷ್ಟವಾಗಿದ್ದ ಮಟ್ಟಗಳನ್ನೆಲ್ಲ ಬಾವಿಯಿಂದ ಹೊರಗಟ್ಟಿ ಲೆಕ್ಕ ಕಡಿಮೆ ಮಾಡಿಕೊಂಡಿತ್ತು. ತಪ್ಪು ಸಂಪೂರ್ಣವಾಗಿ ನನ್ನದು. ಇಳಿಜಾರು ಹಿಡಿದು ಇಳಿಯುವ ವಿಧಾನವಾಗಿದ್ದರೆ ಒಳ್ಳೆಯ ಆರಂಭಬಿಂದುವಿನ ಬಳಿಯೇ ಉಳಿದು, ಈ ತೂತು ಬಹುಶಃ ಕಣ್ಣಿಗೆ ಬೀಳುತ್ತಿರಲಿಲ್ಲ. ಗುಂಪಾಗಿ ಎಲ್ಲ ಮೂಲೆಗಳನ್ನೂ ತಡಕುವ ವಿಧಾನ ನಮ್ಮ ಕೋಡಿನ ತೂತುಗಳನ್ನೂ ಹುಡುಕಿಯೇ ಹುಡುಕುತ್ತದೆ. ಬಂಧಿತವಲ್ಲದ ಮಟ್ಟಕ್ಕೆ ದೊಡ್ಡ ದಂಡವನ್ನು ಸೇರಿಸಿದ ಮೇಲೆ ಫಲಿತಾಂಶ ಸರಿದಾರಿಗೆ ಬಂತು. ಅಂದಿನಿಂದ ಅಂತಿಮ ಕೈ-ಸ್ಕ್ವೇರನ್ನು ನೋಡುವ ಮೊದಲು ಮಾದರಿ ಕೊಟ್ಟ ಪ್ರತಿಯೊಂದು ಅಂಕಿಯನ್ನೂ ನೋಡುವುದನ್ನು ರೂಢಿಮಾಡಿಕೊಂಡಿದ್ದೇನೆ.

ಈ ಸಾಧನಕ್ಕೆ ಆರಂಭಬಿಂದು ಬೇಕಿಲ್ಲ, ಆದರೆ ಪ್ರತಿ ಪ್ರಾಚಲದ ಕೆಳಮಿತಿ ಮತ್ತು ಮೇಲ್ಮಿತಿ ಬೇಕೇ ಬೇಕು. ವಿದ್ಯಾರ್ಥಿಗಳು ಇದನ್ನು ತುಂಬಬೇಕಾದ ಒಂದು ಖಾನೆಯೆಂದು ಭಾವಿಸಿ ಸೊನ್ನೆಯಿಂದ ನೂರು ಎಂದು ಬರೆದುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಹೊಂದಿಸುವಿಕೆಯಲ್ಲಿ ಭೌತವಿಜ್ಞಾನ ಒಳಗೆ ಬರುವುದು ಇಲ್ಲಿಯೇ. ನ್ಯೂಟ್ರಾನಿನ ಬಾವಿಯ ಆಳಕ್ಕೆ 51ರಿಂದ, ನ್ಯೂಟ್ರಾನ್ ಹೆಚ್ಚಳದ ಪಾಲನ್ನು 33ರಿಂದ ಗುಣಿಸಿ ಕಳೆಯುವ ಒಂದು ಹಳೆಯ ಅಂದಾಜಿದೆ. ಸೀಸ-208ರಲ್ಲಿ ಹೆಚ್ಚಳ 208ರಲ್ಲಿ 44, ಆದ್ದರಿಂದ ಆಳ ಸುಮಾರು 44 ಎಂಇವಿ. ಅದರ ಜೊತೆ ಬರುವ ತ್ರಿಜ್ಯದ ಅಂಶ 1.27 ಫೆಮ್ಟೊಮೀಟರ್, ಮಸುಕು 0.67 ಫೆಮ್ಟೊಮೀಟರ್. ಈ ಅಂಕಿಗಳ ಎರಡೂ ಬದಿಗೆ ಉದಾರವಾದ, ಆದರೆ ಅರ್ಥವಿರುವ ಮಿತಿಗಳನ್ನು ಇಟ್ಟರೆ ಹುಡುಕಾಟ ಹದಕ್ಕೆ ಬರುತ್ತದೆ. ಉತ್ತರವೇನಾದರೂ ಮಿತಿಗೇ ಹೋಗಿ ಅಂಟಿಕೊಂಡರೆ, ಸ್ಪಿನ್-ಆರ್ಬಿಟ್ ಭಾಗದ ಮಸುಕಿನ ವಿಷಯದಲ್ಲಿ ನನಗೆ ಹಾಗಾಯಿತು, ಅದನ್ನು ಉತ್ತರವೆಂದು ಬರೆಯಬಾರದು; ಈ ಅಂಕಿಗಳಿಂದ ಆ ಪ್ರಾಚಲವನ್ನು ತಿಳಿಯಲಾಗುತ್ತಿಲ್ಲ, ಅಥವಾ ಮಾದರಿ ಬೇರೆಲ್ಲೋ ಇರುವ ಕೊರತೆಯನ್ನು ಅದರ ಮೂಲಕ ತುಂಬಿಕೊಳ್ಳುತ್ತಿದೆ ಎಂದು ತಿಳಿಯಬೇಕು.

ಇನ್ನು ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ. ಯಾದೃಚ್ಛಿಕ ಸಂಖ್ಯೆಗಳ ಸರಣಿ ಯಾವುದರಿಂದ ಹೊರಡುತ್ತದೋ ಆ ‘ಸೀಡ್’ ಸಂಖ್ಯೆಯನ್ನು ಬದಲಿಸಿ ಮತ್ತೆ ಓಡಿಸಿದಾಗ ಆಳ ಮತ್ತು ತ್ರಿಜ್ಯ ಒಂದಿಷ್ಟು ಬೇರೆಯಾಗಿ ಬಂದರೂ ಕೈ-ಸ್ಕ್ವೇರ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದು ಸಾಧನದ ಚಂಚಲತೆಯಲ್ಲ. ಬಾವಿಯ ಆಳವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದಾಗ ಬರುವ ಸಂಖ್ಯೆಯನ್ನು ಮಟ್ಟಗಳು ಬಿಗಿಯಾಗಿ ಹಿಡಿದಿಡುತ್ತವೆಯೇ ಹೊರತು ಅವೆರಡನ್ನೂ ಬಿಡಿಬಿಡಿಯಾಗಿ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ: ತ್ರಿಜ್ಯದ ಅಂಶವನ್ನು 1.27ರಿಂದ 1.25ಕ್ಕೆ ಇಳಿಸಿ ಆಳವನ್ನು 44ರಿಂದ 45.4ಕ್ಕೆ ಏರಿಸಿದರೆ ಆ ಗುಣಲಬ್ಧ ಬದಲಾಗದು. ಚದುರುವಿಕೆಯ ಪ್ರಯೋಗಗಳಿಂದ ಆಪ್ಟಿಕಲ್ ಮಾದರಿಯನ್ನು, ಅಂದರೆ ನ್ಯೂಕ್ಲಿಯಸ್ಸಿಗೆ ಬಡಿದು ಚದುರುವ ಕಣಗಳಿಗಾಗಿ ಕಟ್ಟಿದ ಇಂಥದೇ ಬಾವಿಯನ್ನು, ಹೊಂದಿಸುವವರು ದಶಕಗಳಿಂದ ಬಲ್ಲ ಸಂದಿಗ್ಧವೇ ಇದು. ಕೈ-ಸ್ಕ್ವೇರಿನ ಭೂಪಟದಲ್ಲಿ ಅದು ಓರೆಯಾಗಿ ಹರಿದ, ಉದ್ದವಾದ, ಕಿರಿದಾದ ಕಣಿವೆಯಾಗಿ ಕಾಣುತ್ತದೆ.

ಆ ಕಣಿವೆಯಲ್ಲಿ ಈ ಸಾಧನದ ಒಂದು ದೌರ್ಬಲ್ಯವೂ ಬಯಲಾಗುತ್ತದೆ. ಗುಂಪು ಕಣಿವೆಗಿಳಿದ ಮೇಲೆ ಸದಸ್ಯರ ನಡುವಿನ ವ್ಯತ್ಯಾಸಗಳು ಕಣಿವೆಯ ದಿಕ್ಕಿಗೇ ತಿರುಗಿಕೊಳ್ಳುತ್ತವೆ, ಅದು ಒಳ್ಳೆಯದೇ, ಆದರೆ 0.7ರ ಬೆರೆಸುವಿಕೆಯಲ್ಲಿ ಆಳವನ್ನು ಹೊಸ ಜೋಡಣೆಯಿಂದಲೂ ತ್ರಿಜ್ಯವನ್ನು ಹಳೆಯದರಿಂದಲೂ ತೆಗೆದುಕೊಂಡ ಕೂಡಲೇ ಅವೆರಡರ ಹೊಂದಾಣಿಕೆ ಮುರಿದು, ಹುಟ್ಟಿದ ಸದಸ್ಯ ಕಣಿವೆಯ ಗೋಡೆಯ ಮೇಲೆ ಹೋಗಿ ಕೂರುತ್ತಾನೆ ಮತ್ತು ತಿರಸ್ಕೃತನಾಗುತ್ತಾನೆ. ‘ರೀಕಾಂಬಿನೇಷನ್’ ಎಂದು ಕರೆಯುವ ಈ 0.7ರ ಸಂಖ್ಯೆಯನ್ನು 1ರ ಹತ್ತಿರಕ್ಕೆ ಏರಿಸುವುದು ಒಂದು ಪರಿಹಾರ. ಅದಕ್ಕಿಂತ ಉತ್ತಮವಾದದ್ದು, ಆಳದ ಬದಲಿಗೆ ಆಳ ಮತ್ತು ತ್ರಿಜ್ಯವರ್ಗಗಳ ಗುಣಲಬ್ಧವನ್ನೇ ಒಂದು ಪ್ರಾಚಲವಾಗಿ ಇಟ್ಟುಕೊಳ್ಳುವುದು. ಆಗ ಓರೆ ಕಣಿವೆ ಅಕ್ಷಕ್ಕೆ ನೇರವಾಗಿ ಮಲಗುತ್ತದೆ, ಹುಡುಕಾಟ ಚುರುಕಾಗುತ್ತದೆ. ಕಣಿವೆಯ ದಿಕ್ಕನ್ನು ತಾನೇ ಕಲಿಯುವ ವಿಧಾನ ಬೇಕೆನ್ನುವವರು ನಿಕೋಲಾಸ್ ಹ್ಯಾನ್ಸನ್ ಮತ್ತು ಆಂಡ್ರಿಯಾಸ್ ಓಸ್ಟರ್‌ಮೈಯರ್ ರೂಪಿಸಿದ ಸಿಎಂಎ-ಇಎಸ್ ಅನ್ನು ನೋಡಬೇಕು. ಅದು ಸೈಪೈನಲ್ಲಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಇಂಥ ಓರೆ ಕಣಿವೆಗಳಲ್ಲಿ ಅದನ್ನೇ ನಾನು ಮೇಲೆಂದು ಹೇಳುತ್ತೇನೆ.

ಓಟ ಯಾವಾಗ ನಿಲ್ಲಬೇಕೆಂಬ ನಿಯಮವನ್ನೂ ಗಮನಿಸಬೇಕು. ಗುಂಪಿನ ಕೈ-ಸ್ಕ್ವೇರ್‌ಗಳ ಚದುರುವಿಕೆ ಅವುಗಳ ಸರಾಸರಿಯ ಶೇಕಡ 1ಕ್ಕೆ ಇಳಿದರೆ ಸಾಧನ ತನ್ನ ಕೆಲಸ ಮುಗಿಯಿತೆಂದು ಭಾವಿಸುತ್ತದೆ. ತೂಕಗಳನ್ನು ಸರಿಯಾಗಿ ಇಟ್ಟ ಹೊಂದಿಸುವಿಕೆಯಲ್ಲಿ ಕೈ-ಸ್ಕ್ವೇರಿನ ಕನಿಷ್ಠ ಬೆಲೆ ಅಂಕಿಗಳ ಸಂಖ್ಯೆಯಿಂದ ಪ್ರಾಚಲಗಳ ಸಂಖ್ಯೆಯನ್ನು ಕಳೆದಷ್ಟಿರುತ್ತದೆ. ಪ್ರಾಚಲದ ದೋಷವ್ಯಾಪ್ತಿಯನ್ನು ಹೇಳುವುದು ಅಲ್ಲಿಂದ 1ರಷ್ಟು ಏರಿಕೆ. ಸೀಸದ 13 ಮಟ್ಟಗಳಿಗೆ ಕನಿಷ್ಠ ಬೆಲೆ ಸುಮಾರು 7, ಅದರ ಶೇಕಡ 1 ಎಂದರೆ 0.07, ಆದ್ದರಿಂದ ಚಿಂತೆಯಿಲ್ಲ. ಆದರೆ ಎರಡು ಸಾವಿರಕ್ಕೂ ಹೆಚ್ಚು ಅಳತೆಗಳಿರುವ ನ್ಯೂಕ್ಲಿಯಸ್ ದ್ರವ್ಯರಾಶಿ ಪಟ್ಟಿಗೆ ಹೊಂದಿಸುವಾಗ ಆ ಶೇಕಡ 1 ಎಂದರೆ 20ಕ್ಕೂ ಹೆಚ್ಚಾಗಿ, ದೋಷವ್ಯಾಪ್ತಿಯೊಳಕ್ಕೆ ಕಾಲಿಡುವ ಎಷ್ಟೋ ಮೊದಲೇ ಓಟ ನಿಂತುಬಿಡಬಹುದು. ಅಂಕಿಗಳು ನೂರನ್ನು ಮೀರಿದರೆ ‘ಟಾಲ್’ ಎಂಬ ಮಿತಿಯನ್ನು ಬಿಗಿಗೊಳಿಸಲೇಬೇಕು.

ಓಟ ನಿಂತ ಮೇಲೆ ‘ಪಾಲಿಶ್’ ಎಂಬ ಒಂದು ಹಂತ ತಾನಾಗಿಯೇ ನಡೆದು, ಎಲ್-ಬಿಎಫ್‌ಜಿಎಸ್-ಬಿ ಎಂಬ ಇಳಿಜಾರಿನ ವಿಧಾನದಿಂದ ಉತ್ತರವನ್ನು ಇನ್ನಷ್ಟು ನಯಗೊಳಿಸುತ್ತದೆ. ಅದರ ಉತ್ತರ ಹಿಂದಿನದಕ್ಕಿಂತ ಉತ್ತಮವಾಗಿದ್ದರೆ ಮಾತ್ರ ಸ್ವೀಕರಿಸುವುದರಿಂದ ಕೆಡುವ ಭಯವಿಲ್ಲ. ಆದರೆ ಮಟ್ಟಗಳನ್ನು ಒರಟಾದ ಜಾಲರಿಯಲ್ಲಿ ಲೆಕ್ಕ ಹಾಕುತ್ತಿದ್ದರೆ ಇಳಿಜಾರಿನ ಅಂದಾಜಿನಲ್ಲಿ ಸಂಖ್ಯಾತ್ಮಕ ಗದ್ದಲ ತುಂಬಿ ಆ ಹಂತದಿಂದ ಪ್ರಯೋಜನವಾಗುವುದಿಲ್ಲ. ಕಂಪ್ಯೂಟರಿನ ಎಲ್ಲ ಕೋರ್‌ಗಳನ್ನೂ ದುಡಿಸುವ ‘ವರ್ಕರ್ಸ್’ ಸೌಲಭ್ಯ ಚೆನ್ನಾಗಿದೆ. ಅದನ್ನು ಬಳಸಿದಾಗ ಹೊಸ ಸದಸ್ಯರು ಆಗಿಂದಾಗ್ಗೆ ಸೇರದೆ ತಲೆಮಾರಿನ ಕೊನೆಯಲ್ಲಿ ಒಟ್ಟಿಗೆ ಸೇರುತ್ತಾರೆ.

ಅತಿ ಮುಖ್ಯವಾದ ಕೊರತೆಗೆ ಈಗ ಬರುತ್ತೇನೆ. ಈ ಸಾಧನ ಉತ್ತರ ಕೊಡುತ್ತದೆ, ಉತ್ತರದ ದೋಷವ್ಯಾಪ್ತಿಯನ್ನು ಕೊಡುವುದಿಲ್ಲ. ಯೂರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನಲ್ಲಿ ಫ್ರೆಡ್ ಜೇಮ್ಸ್ ರೂಪಿಸಿದ ಮಿನುಯಿಟ್ ಎಂಬ ಹೊಂದಿಸುವ ತಂತ್ರಾಂಶವನ್ನು ಬಳಸಿದವರಿಗೆ ಪ್ರತಿ ಪ್ರಾಚಲದ ಪಕ್ಕದಲ್ಲಿ ಅದರ ದೋಷವನ್ನೂ, ಪ್ರಾಚಲಗಳ ಪರಸ್ಪರ ಸಂಬಂಧವನ್ನೂ ನೋಡಿ ಅಭ್ಯಾಸವಾಗಿರುತ್ತದೆ. ಇಲ್ಲಿ ಅದು ಸಿಗದು. ಕೊನೆಯ ಗುಂಪಿನ ಹರಹನ್ನೇ ದೋಷವೆಂದು ಬರೆಯುವುದನ್ನೂ ನಾನು ಕಂಡಿದ್ದೇನೆ. ಅದು ತಪ್ಪು. ಗುಂಪು ಸಂಕುಚಿತವಾಗುವುದು ನಿಲ್ಲುವ ನಿಯಮಕ್ಕೆ ಅನುಸಾರವಾಗಿಯೇ ಹೊರತು ಅಳತೆಗಳ ಅನಿಶ್ಚಿತತೆಗೆ ಅನುಸಾರವಾಗಿ ಅಲ್ಲ. ಸರಿಯಾದ ದಾರಿಯೆಂದರೆ, ಈ ಸಾಧನದಿಂದ ಕಣಿವೆಯನ್ನು ಪತ್ತೆಹಚ್ಚಿ, ಅಲ್ಲಿಂದ ಮಿನುಯಿಟ್‌ನಿಂದಲೋ ಸಂಭವನೀಯತೆಗೆ ತಕ್ಕಂತೆ ಪ್ರಾಚಲಗಳ ಜೋಡಣೆಗಳನ್ನು ಆರಿಸಿ ಕೂಡಿಡುವ ಮಾರ್ಕೋವ್ ಸರಪಳಿಯ ವಿಧಾನದಿಂದಲೋ ದೋಷವನ್ನು ಅಳೆಯುವುದು.

ಅನಿಶ್ಚಿತತೆಯೆಂದಾಗ ಮಾದರಿಯದನ್ನೂ ಮರೆಯಬಾರದು. ಸೀಸ-209ರಲ್ಲಿ 1.42 ಎಂಇವಿಯಲ್ಲಿರುವ, ಕಕ್ಷೆ ಮತ್ತು ಕೋನೀಯ ಸಂವೇಗಗಳಿಂದ ಜೆ-15/2 ಎಂದು ಹೆಸರಿಸುವ ಮಟ್ಟ ಒಂದೇ ನ್ಯೂಟ್ರಾನಿನ ಶುದ್ಧ ಮಟ್ಟವಲ್ಲ, ಸೀಸ-208ರ 2.615 ಎಂಇವಿಯ ಕಂಪನ ಸ್ಥಿತಿ ಜಿ-9/2 ನ್ಯೂಟ್ರಾನಿನೊಡನೆ ಸೇರಿ ಅದರೊಳಗೆ ಬೆರೆತಿದೆ. ಪ್ರಯೋಗದಲ್ಲಿ ಆ ಮಟ್ಟದ ಶಕ್ತಿ ಬಹಳ ನಿಖರವಾಗಿ ಗೊತ್ತಿದೆಯೆಂದು ಅದಕ್ಕೆ ಭಾರಿ ತೂಕ ಕೊಟ್ಟರೆ, ತನ್ನಿಂದ ವಿವರಿಸಲಾಗದ್ದನ್ನು ವಿವರಿಸಲೆಂದು ಬಾವಿ ತನ್ನ ಆಕಾರವನ್ನೇ ಕೆಡಿಸಿಕೊಳ್ಳುತ್ತದೆ. ಯಾವ ಅಲ್ಗಾರಿದಮ್ಮೂ ಇದನ್ನು ನಮಗೆ ಎಚ್ಚರಿಸುವುದಿಲ್ಲ.

ಸಂಶೋಧನೆಯ ಮಟ್ಟದಲ್ಲಿ ಈ ವಿಧಾನಗಳ ಸ್ಥಾನ ಸ್ಥಿರವಾಗಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಗ್ಲಾಸ್ಗೊ ಮತ್ತು ಘೆಂಟ್‌ನ ಸಂಶೋಧಕರು ಪ್ರೋಟಾನಿನ ಮೇಲೆ ಬೆಳಕು ಬಿದ್ದು ಕೇಯಾನ್ ಎಂಬ ಕಣ ಹುಟ್ಟುವ ಕ್ರಿಯೆಯನ್ನು, ವಿಕಾಸಾತ್ಮಕ ವಿಧಾನಗಳಲ್ಲೇ ಒಂದಾದ ಜೆನೆಟಿಕ್ ಅಲ್ಗಾರಿದಮ್‌ನಿಂದ ವಿಶ್ಲೇಷಿಸಿದ್ದರು. ಪ್ರೋಟಾನಿನ ಒಳರಚನೆಯನ್ನು ಹೊಂದಿಸುವ ಎನ್ಎನ್‌ಪಿಡಿಎಫ್ ತಂಡ ಬಹುಕಾಲ ಜೆನೆಟಿಕ್ ಅಲ್ಗಾರಿದಮ್ ಬಳಸಿ, 2021ರ 4.0 ಆವೃತ್ತಿಯಲ್ಲಿ ಇಳಿಜಾರಿನ ವಿಧಾನಕ್ಕೆ ಹೊರಳಿತು. ಇಳಿಜಾರನ್ನು ಅಗ್ಗವಾಗಿ, ನಿಖರವಾಗಿ ಲೆಕ್ಕ ಹಾಕಲು ಸಾಧ್ಯವಾದರೆ ಅದನ್ನೇ ಬಳಸುವುದು ಸರಿ. ಇನ್ನೊಂದು ತುದಿಯಲ್ಲಿ, ನ್ಯೂಕ್ಲಿಯಸ್‌ಗಳ ಶಕ್ತಿಯನ್ನು ಅವುಗಳ ಸಾಂದ್ರತೆಯಿಂದ ಲೆಕ್ಕ ಹಾಕುವ ಯುಎನ್ಇಡಿಎಫ್ ಯೋಜನೆಯವರ ಹೊಂದಿಸುವಿಕೆಯಿದೆ. ಅಲ್ಲಿ ಪ್ರತಿ ಬಾರಿ ಲೆಕ್ಕ ಹಾಕುವುದೇ ದುಬಾರಿಯಾದ್ದರಿಂದ, ಹನ್ನೆರಡು ಪ್ರಾಚಲಗಳಿಗೆ ಅಮೆರಿಕದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೂಪುಗೊಂಡ, ಲೆಕ್ಕಗಳನ್ನು ಬಹಳ ಮಿತವಾಗಿ ಖರ್ಚು ಮಾಡುವ ವಿಧಾನವನ್ನು ಆರಿಸಿಕೊಂಡರು. ಲೆಕ್ಕ ಹಗುರವಾಗಿದ್ದು, ಇಳಿಜಾರು ನಂಬಲರ್ಹವಲ್ಲದೆ, ಹಳ್ಳಗಳು ಹಲವಿರುವ ನಡುವಣ ಪ್ರದೇಶವೇ ಈ ಸಾಧನದ ಸ್ವಂತ ನೆಲ, ಮತ್ತು ವಿದ್ಯಾರ್ಥಿಯ ಪ್ರಾಜೆಕ್ಟ್‌ಗಳು ಬಹುಪಾಲು ಆ ನೆಲದಲ್ಲಿಯೇ ಇರುತ್ತವೆ.

ಬೆಲೆಯಿಲ್ಲ, ಪರವಾನಗಿಯ ತೊಡಕಿಲ್ಲ, ಸಣ್ಣ ಊರಿನ ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಕೈಪಿಡಿ ಸ್ಪಷ್ಟವಾಗಿದ್ದು ಪ್ರತಿ ಆಯ್ಕೆಯ ಅರ್ಥವನ್ನೂ ವಿವರಿಸುತ್ತದೆ. ಆರಂಭಿಕರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ನನಗೆ ತಿಳಿದಿಲ್ಲವಾದ್ದರಿಂದ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿತಗೊಂಡ ಒಂದು ಅಂಕ ದೋಷವ್ಯಾಪ್ತಿಯ ಕೊರತೆಗೆ. ನನ್ನ ಬಳಿ ಪ್ರಾಜೆಕ್ಟ್ ಮಾಡುವವರಿಂದ ನಾನೀಗ ಒಂದೇ ಉತ್ತರವನ್ನು ಒಪ್ಪಿಕೊಳ್ಳುವುದಿಲ್ಲ. ಕನಿಷ್ಠ ಹತ್ತು ಬೇರೆ ಬೇರೆ ಸೀಡ್‌ಗಳ ಉತ್ತರಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು, ತಾವಿಟ್ಟ ಮಿತಿಗಳಿಗೆ ಕಾರಣವನ್ನು ಅದರ ಪಕ್ಕದಲ್ಲಿ ಹೇಳಿ, ಆಳವನ್ನು ಒಂದು ಅಕ್ಷದಲ್ಲೂ ತ್ರಿಜ್ಯವನ್ನು ಇನ್ನೊಂದರಲ್ಲೂ ಇಟ್ಟು ಆ ಹತ್ತು ಬಿಂದುಗಳನ್ನು ಗುರುತಿಸಿ ತರಬೇಕು. ಬಿಂದುಗಳು ಓರೆಯಾಗಿ ಸಾಲುಗಟ್ಟಿ ನಿಂತದ್ದನ್ನು ಕಂಡು, ಅವು ಏಕೆ ಹಾಗೆ ನಿಂತಿವೆಯೆಂದು ವಿದ್ಯಾರ್ಥಿಯೇ ಕೇಳಿದ ದಿನದಿಂದ ನಮ್ಮ ನಿಜವಾದ ಪಾಠ ಆರಂಭವಾಗುತ್ತದೆ.